ನಮ್ಮ ಕಂಪನಿಯ ಗಾಡಿ ಬರುವವರೆಗೆ

ಪಾಂಡವಪುರ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಆತಿಯಾ,

ಶಿವಮೊಗ್ಗದಲ್ಲಿ ನೀನು, ನಿಮ್ಮ ಯಜಮಾನರು, ಗೋಡೆ ಹಿಡಿದು ನಡೆಯಲು ಶುರುಮಾಡಿರುವ ನಿನ್ನ ಮೊಮ್ಮಗಳು ಎಲ್ಲರೂ ಸೌಖ್ಯವೆಂದುಕೊಂಡು ಬರೆಯುತ್ತಿದ್ದೇನೆ. ನಾವಿಲ್ಲಿ ಕ್ಷೇಮ. ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿ ಬಿದ್ದಿರುತ್ತೀಯ. ಯಾರಿಗೂ ಏನೂ ಆಗಿಲ್ಲ, ಮೊದಲು ಒಂದು ಲೋಟ ನೀರು ಕುಡಿ.

ನಿನ್ನಲ್ಲಿ ಕ್ಷಮೆ ಕೇಳುವುದು ಬಾಕಿ ಇದೆ. ಬಕ್ರೀದಿನ ದಿನ ನೀನು ಮಾಡಿದ ಫೋನು ಎತ್ತಲಿಲ್ಲ. ಆಮೇಲೆ ಮಾಡಿದವನ್ನೂ ಎತ್ತಲಿಲ್ಲ. "ಗಾಡಿ ಓಡಿಸ್ತಿದ್ದೀನಿ, ಆಮೇಲೆ ಮಾಡ್ತೀನಿ" ಎಂದು ಮೆಸೇಜು ಕುಟ್ಟಿ ಸುಮ್ಮನಾದೆ. "ಯಶೋಧಾಗೆ ನನ್ ಮೇಲೆ ಏನ್ ಸಿಟ್ಟು, ನೀವೇ ಕೇಳಿ ಅಬ್ಬಾ" ಎಂದು ನಿಮ್ಮ ತಂದೆಯ ಹತ್ತಿರ ಅತ್ತುಕೊಂಡೆಯಂತೆ. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ದೊಡ್ಡ ಮನುಷ್ಯಳು ನಾನಿನ್ನೂ ಆಗಿಲ್ಲ ಕಣೇ. ನೀನು ಮದುವೆಯಾಗಿ ಹೋದ ಹೊಸದರಲ್ಲಿ ನಾವಿಬ್ಬರೂ ಇನ್‌ಲ್ಯಾಂಡ್ ಕಾಗದದ ಮಡಿಕೆಯ ಸಂದಿಯಲ್ಲೂ ಬಿಡದೆ ಬರೆಯುತ್ತಿದ್ದೆವಲ್ಲ, ಹಾಗೆ ಬರೆಯಬೇಕೆನಿಸಿತು. ಇಷ್ಟುದ್ದದ ಸಂಗತಿಯನ್ನು ಫೋನಿನ ಆ ಪುಟ್ಟ ಪರದೆಯ ಮೇಲೆ ಕುಟ್ಟಲು ನನ್ನ ಕೈಲಾಗುವುದಿಲ್ಲ.

ಈಗ ಮುಖ್ಯ ಸುದ್ದಿ. ನಮ್ಮ ಕಂಪನಿ ಕೊನೆಗೂ ಕರೆಂಟಿನ ಕಾರು ಬಿಟ್ಟಿದೆ! ಸಿರಿವಂತರು ಬಾಗಿಲಲ್ಲಿ ನಿಲ್ಲಿಸಿಕೊಂಡು ಮೆರೆಯುವಂಥದ್ದಲ್ಲ, ನಮ್ಮಂಥವರ ಕೈಗೆಟಕುವಂಥದ್ದು. ನಾನು ಓಡಿಸಿಯೂ ನೋಡಿದೆ. ಅದರ ಕತೆಯನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

"ನಮ್ಮ ಕಂಪನಿ" ಎಂದ ಕೂಡಲೇ ನೀನು ನಗುತ್ತೀಯೆಂದು ಗೊತ್ತು. ನನ್ನ ಗಂಡ ಸಿದ್ದರಾಮು ಅವರೂ ಬಂದವರೆದುರಿಗೆಲ್ಲ "ಇವ್ಳು ಅವ್ರಪ್ಪನ್ ಮನೆ ಕಂಪ್ನಿ ಇದ್ದಂಗೆ ಆಡ್ತಳೆ" ಎಂದು ಹಂಗಿಸುತ್ತಾರೆ. ನನ್ನಪ್ಪನದಲ್ಲ, ನಿನ್ನಪ್ಪನದು! ಗಂಜಾಮಿನಲ್ಲಿ ವಾಹಿದ್ ಚಾಚಾ ಆ ಕಂಪನಿಯ ಕಾರು ತಂದು ನಿಲ್ಲಿಸಿದ ದಿನ ನಾವಿಬ್ಬರೂ ಲಂಗ ಎತ್ತಿಕಟ್ಟಿಕೊಂಡು ಅದರ ಗಾಲಿ ತೊಳೆದಿದ್ದು ನೆನಪಿದೆಯಾ? ಅದೇ ಕಾರಿನಲ್ಲೇ ಅಲ್ಲವೇ ಚಾಚಾ ನಮಗೆ ಡ್ರೈವಿಂಗ್ ಕಲಿಸಿದ್ದು. ನೀನು ಕ್ಲಚ್ ಬಿಟ್ಟ ರಭಸಕ್ಕೆ ಪಕ್ಕದ ಮನೆಯವರ ಕೋಳಿಗೂಡು ಮಗುಚಿಕೊಂಡು, ಕೋಳಿಗಳೆಲ್ಲ ಹೊಳೆಯ ಕಡೆಗೆ ಓಡಿದ್ದವು. ಮಾರನೆಯ ದಿನದಿಂದ ನೀನು ಗಾಡಿ ಮುಟ್ಟಲಿಲ್ಲ, ನಾನು ಬಿಡಲಿಲ್ಲ.

ಚಾಚಾರದು ಒಂದು ಪದ್ಧತಿಯಿತ್ತು. ಸೀಟಿನಲ್ಲಿ ಕೂರಿಸುವ ಮೊದಲು ನಮ್ಮನ್ನು ಬಾನೆಟ್ಟಿನ ಮುಂದೆ ಕಣ್ಣು ಮುಚ್ಚಿಸಿ ನಿಲ್ಲಿಸುತ್ತಿದ್ದರು. ಅವರು ಒಳಗೆ ಕೂತು ಕೀ ತಿರುಗಿಸುತ್ತಿದ್ದರು, ಒಮ್ಮೊಮ್ಮೆ ತಿರುಗಿಸದೆಯೂ ಇರುತ್ತಿದ್ದರು. ಇಂಜಿನ್ ಶುರುವಾಯಿತೋ ಇಲ್ಲವೋ, ಶುರುವಾಗಿದ್ದರೆ ಅದರ ಉಸಿರು ನೆಟ್ಟಗಾಯಿತೋ ಇಲ್ಲವೋ ನಾವು ಹೇಳಬೇಕಿತ್ತು. "ಈ ಕಂಪ್ನಿ ಗಾಡಿ ಯೋಳ್ದೆ ಕೇಳ್ದೆ ಕೈ ಕೊಡಾಕಿಲ್ಲ ಬೇಟಿ. ನಿಲ್ಲೋಕ್ ಮುಂಚೆ ಯೋಳ್ತದೆ. ನಾವ್ ಕೇಳುಸ್ಕೋಬೇಕು, ಅಷ್ಟೇಯ" ಎನ್ನುತ್ತಿದ್ದರು. ಮೇಲುಕೋಟೆಯ ಏರಿನಲ್ಲಿ, ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುವಾಗ, ಎಷ್ಟೋ ಸಲ ಆ ಮಾತು ನನ್ನನ್ನು ಕಾಪಾಡಿದೆ. ಒಮ್ಮೆಯೂ ನನ್ನ ಗಾಡಿ ನಡುದಾರಿಯಲ್ಲಿ ಯಾರನ್ನೂ ಇಳಿಸಿಲ್ಲ. ಅಂಥ ಕಂಪನಿಯನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗಲು ನನಗೆ ಮನಸ್ಸು ಬರಬೇಕಲ್ಲ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಬೆಳಿಗ್ಗೆ ಪಾಂಡವಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಟೀಚರಮ್ಮಂದಿರನ್ನು ಹತ್ತಿಸಿಕೊಂಡು, ಚಿನಕುರಳಿ ದಾಟಿ ಕೆ.ಆರ್.ಪೇಟೆ ರಸ್ತೆಯ ಊರುಗಳಲ್ಲಿ ಒಬ್ಬೊಬ್ಬರನ್ನೇ ಅವರವರ ಶಾಲೆಯ ಮುಂದೆ ಇಳಿಸುವುದು, ಸಂಜೆ ಹೆಕ್ಕಿಕೊಂಡು ಬರುವುದು. ಮೊದಮೊದಲು "ಎಂಗ್ಸು ಗಾಡಿ ಓಡುಸ್ತಾಳಂತೆ" ಎಂದು ಟೀ ಅಂಗಡಿಯ ಮುಂದೆ ಎದ್ದು ನಿಂತು ನೋಡುತ್ತಿದ್ದವರು ಈಗ ನನ್ನ ಗಾಡಿ ಹೋದದ್ದು ನೋಡಿ ಅಂಗಡಿ ತೆಗೆಯುತ್ತಾರೆ. ಆದರೆ ಗಾಡಿಗೆ ವಯಸ್ಸಾಯಿತು. ಕಳೆದ ವರ್ಷದಿಂದ ಅದರ ಹೊಟ್ಟೆ ಕೆಟ್ಟಿದೆ. ಗ್ಯಾರೇಜಿನವರು ಮುಖ ನೋಡಿದ ಕೂಡಲೇ "ಮಾರ್ಬುಡಿ ಯಶೋಧಮ್ಮ" ಎನ್ನಲು ಶುರುಮಾಡಿದರು.

ನಾನು ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದೆ: ತೆಗೆದುಕೊಂಡರೆ ಕರೆಂಟಿನದು, ಅದೂ ನಮ್ಮ ಕಂಪನಿ ಬಿಟ್ಟ ಮೇಲೆ. ಕಂಪನಿಯವರೋ, "ಮುಂದಿನ ವರ್ಷ, ಮುಂದಿನ ವರ್ಷ" ಎಂದು ಪೇಪರಿನಲ್ಲಿ ಹಾಕಿಸುತ್ತಲೇ ಇದ್ದರು. ನಾಗಮಂಗಲದ ನನ್ನ ಭಾವ ಚಿಕ್ಕಸ್ವಾಮಿ ಇದೆಲ್ಲದರ ನಡುವೆ ಬೇರೆಯವರ ಕರೆಂಟಿನ ಕಾರು ತಂದು, ಅದರಲ್ಲಿ ನನ್ನನ್ನು ಕೂರಿಸಿಕೊಂಡು ಆದಿಚುಂಚನಗಿರಿಯವರೆಗೆ ಮೆರವಣಿಗೆ ಮಾಡಿಸಿದರು. "ಯಾವ್ದಾದ್ರೇನವ್ವ, ನಾಕ್ ಚಕ್ರ ಸುತ್ತುದ್ರೆ ಸಾಲ್ದಾ? ನಿನ್ ಕಂಪ್ನಿಯೋರು ಬುಡೋ ಒತ್ಗೆ ನಾವೆಲ್ಲ ಮುದುಕ್ರಾಗಿರ್ತೀವಿ" ಎಂದು ಕೆಣಕಿದರು. ಚೆನ್ನಾಗಿಯೇ ಇತ್ತು ಅವರ ಗಾಡಿ, ಸುಳ್ಳು ಹೇಳಬಾರದು. ಆದರೆ ಮನಸ್ಸು ಕೂರಲಿಲ್ಲ. ಎಲ್ಲರೂ ಓಡಿ ಓಡಿ ಹೊಸದನ್ನು ಬಿಡುತ್ತಿರುವಾಗ, ಇವರೊಬ್ಬರು ಸರಿಯಾಗುವವರೆಗೆ ಬಿಡುವುದಿಲ್ಲ ಎಂದು ಕೂತಿದ್ದಾರಲ್ಲ, ಅದೇ ನನಗೆ ಮೆಚ್ಚುಗೆ. ಹೋಟೆಲಿನಲ್ಲಿ ಎಲ್ಲರಿಗಿಂತ ಕೊನೆಗೆ ದೋಸೆ ತಂದಿಟ್ಟರೂ ಗರಿಗರಿಯಾಗಿ ತರುವವನು ಒಬ್ಬನಿರುತ್ತಾನೆ ನೋಡು, ಹಾಗೆ.

ಟೀಚರುಗಳಿಗೆ ಈ ತತ್ವವೆಲ್ಲ ಎಲ್ಲಿ ಹಿಡಿಸಬೇಕು? ತಡವಾದರೆ ಅವರ ಹಾಜರಿಗೆ ಸಂಚಕಾರ. ಊರಿನಲ್ಲಿ ಕುಮಾರ್ ಎಂಬಾತ ಹೊಸ ವ್ಯಾನು ತಂದು ಅವರ ಹಿಂದೆ ಬಿದ್ದಿದ್ದ. ಅಂಬಿಕ ಟೀಚರನ್ನು ನಾನು ಈ ವರ್ಷ ಮುಂದಿನ ಸೀಟಿಗೆ, ನನ್ನ ಎಡಗಡೆಗೆ ಬಡ್ತಿ ಕೊಟ್ಟು ಕೂರಿಸಿಕೊಂಡಿದ್ದೇನೆ. ಬಾಯಿ ಜೋರು, ಮನಸ್ಸು ಬೆಣ್ಣೆ. ಯುಗಾದಿಯ ನಂತರ ಒಂದು ದಿನ ನಾನು ಚಿನಕುರಳಿಯಲ್ಲಿ ಕೀ ತಿರುಗಿಸಿದರೆ, ಅವಳು ಎರಡೂ ಕಿವಿ ಮುಚ್ಚಿಕೊಂಡು ಕೂಗಿದಳು: "ಅಕ್ಕಾ! ಗಾಡಿ ಆಗ್ಲೇ ಸ್ಟಾರ್ಟಲ್ಲೇ ಐತೆ ಕಣಕ್ಕ! ಕರ್ರಂತದೆ, ಬುಡಕ್ಕ!" ಹಳೆಯ ಗಾಡಿ, ಏನೇನೋ ಆಟ ಆಡುತ್ತದೆ ಎಂದು ನಕ್ಕು ಸಾಗಹಾಕಿದೆ. ಅದು ಆಮೇಲೂ ಎರಡು ಮೂರು ಸಲ ಆಯಿತು. ಹಿಂದಿನ ಸೀಟಿನವರ ಮುಖ ಕನ್ನಡಿಯಲ್ಲಿ ಕಾಣುತ್ತಿತ್ತು. ಅಂಬಿಕ ಒಂದು ಸಂಜೆ ಎಲ್ಲರ ಪರವಾಗಿ ಬಾಯಿಬಿಟ್ಟಳು: "ದೀಪಾವಳಿಗಂಟ ಕಾಯ್ತೀವಿ ಕಣಕ್ಕ. ಅಷ್ಟ್ರೊಳ್ಗೆ ನಿನ್ ಕಂಪ್ನಿ ಕಣ್ ಬುಟ್ರೆ ಸರಿ. ಇಲ್ದಿದ್ರೆ ನಾವ್ ಕುಮಾರನ್ ವ್ಯಾನ್ ಅತ್ಬೇಕಾಯ್ತದೆ, ಬ್ಯಾಸ್ರ ಮಾಡ್ಕಬೇಡ."

ಅವತ್ತಿನಿಂದ ನನ್ನ ಜೀವ ಆ ಕಂಪನಿಯ ಕೈಯಲ್ಲಿತ್ತು ಅಂದುಕೋ. ಟೀಚರುಗಳು ಹೋದರೆ ನನ್ನ ಕೆಲಸ ಹೋಯಿತು, ಕೆಲಸ ಹೋದರೆ ನಾನು ಮನೆಯಲ್ಲಿ ಕೂತು ಮಾಡುವುದೇನು? ಸಿದ್ದರಾಮು ಅವರ ಜೊತೆ ಹರಟೋಣವೆಂದರೆ ಅವರಿಗೋ ಈ ವಯಸ್ಸಿಗೆ ಗೊಣಗುವ ಚಾಳಿ ಅಂಟಿಕೊಂಡಿದೆ. ಬಾಯಿಬಿಟ್ಟು ಮಾತಾಡಿ ಎಂದರೆ ಇನ್ನೂ ಸಣ್ಣಗೆ ಗೊಣಗುತ್ತಾರೆ. ಪೇಪರು ಬಂದ ಕೂಡಲೇ ಅವರಿಗಿಂತ ಮುಂಚೆ ಕಸಿದುಕೊಂಡು ಕಾರಿನ ಸುದ್ದಿ ಹುಡುಕುವುದೇ ನನ್ನ ಕೆಲಸವಾಯಿತು.

ದೀಪಾವಳಿಗೆ ಇನ್ನೇನು ಬಂತು ಎನ್ನುವಾಗ ಕಂಪನಿ ಕಣ್ಣು ಬಿಟ್ಟಿತು. ಮೈಸೂರಿನ ಷೋರೂಮಿನ ಸಂತೋಷ್ ಎನ್ನುವವರು, ಮನೆ ಬಾಗಿಲಿಗೇ ಗಾಡಿ ತಂದು ತೋರಿಸುತ್ತೇವೆ ಎಂದು ಮೆಸೇಜು ಕಳಿಸಿದರು. ನಾನು ನಮ್ಮ ಮನೆಯ ವಿಳಾಸ ಕೊಡಲಿಲ್ಲ, ಗಂಜಾಮಿನ ನಿಮ್ಮ ಮನೆಯದು ಕೊಟ್ಟೆ. ಮೊದಲ ಗಾಡಿ ಕಲಿಸಿದವರು ಕೂತು ಒಪ್ಪದೆ ನಾನು ಇನ್ನೊಂದು ಗಾಡಿಗೆ ಕೈ ಹಾಕುವುದುಂಟೇ?

ಅವತ್ತು ನಿಮ್ಮ ತಂದೆಯನ್ನು ನೀನು ನೋಡಬೇಕಿತ್ತು ಆತಿಯಾ! ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಅತ್ತರು, ತಲೆಗೆ ಹೊಸ ಟೋಪಿ. ಹೆಣ್ಣು ನೋಡಲು ಹೊರಟವರ ಹಾಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಿಮ್ಮ ಅಮ್ಮಿ ನನ್ನ ಪಕ್ಕಕ್ಕೇ ಬಂದು ನಿಂತು "ಇವ್ರ್ ನನ್ ನೋಡಕ್ ಬಂದಾಗ್ಲೂ ಇಂಗ್ ತಯಾರಾಗಿರ್ನಿಲ್ಲ" ಎಂದು ಚುಚ್ಚಿದರು. ಗಾಡಿ ಬಂತು. ಮೋಡದ ಬಣ್ಣ. ಚಾಚಾ ಎದ್ದು ಅದರ ಸುತ್ತ ಒಂದು ಸುತ್ತು ಬಂದು, ಬಾಗಿಲು ತೆಗೆದು ಮುಚ್ಚಿ, ಮತ್ತೆ ತೆಗೆದು ಮುಚ್ಚಿ, "ಬಾಗ್ಲು ಅದೇಯ. ನಮ್ ಕಂಪ್ನೀದೇಯ" ಎಂದರು. ಅವರ ಕಣ್ಣು ತುಂಬಿತ್ತು. ನನಗೆ ಅವರ ಮೇಲಿರುವ ಅಭಿಮಾನವನ್ನು ಹೇಗೆ ಬರೆಯಲಿ? ಈ ವಯಸ್ಸಿನಲ್ಲಿ ಹೊಸದೊಂದನ್ನು ನೋಡಿ "ನಮ್ಮ ಕಾಲದ್ದೇ ಚೆನ್ನಾಗಿತ್ತು" ಎನ್ನದೆ ಇರುವವರು ಎಷ್ಟು ಜನ ಸಿಗುತ್ತಾರೆ!

ಸಂತೋಷ್ ಮುಂದೆ ನನ್ನ ಪಕ್ಕ, ಚಾಚಾ ಹಿಂದೆ. ನಾನು ಬಟನ್ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಸಂತೋಷ್ ನಗು ತಡೆದುಕೊಂಡು, "ಮೇಡಂ, ಮೊದ್ಲು ಒತ್ದಾಗ್ಲೇ ಆನ್ ಆಗಿತ್ತು. ಈಗ ಆಫ್ ಮಾಡ್ಬುಟ್ರಿ" ಎಂದರು. ನಾನು ತಿರುಗಿ ನೋಡಿದರೆ ಚಾಚಾ ಕೈ ಆಡಿಸುತ್ತಾ "ನಂಗೂ ತಿಳೀಲಿಲ್ಲ ಬೇಟಿ, ನಂಗೂ ತಿಳೀಲಿಲ್ಲ!" ಎನ್ನುತ್ತಿದ್ದರು. ಇಂಜಿನ್ನಿನ ಉಸಿರಾಟದಲ್ಲಿ ಅದರ ಜಾತಕ ಹೇಳುತ್ತಿದ್ದ ನಿಮ್ಮ ತಂದೆಗೇ ಗಾಡಿ ಶುರುವಾದದ್ದು ಗೊತ್ತಾಗಲಿಲ್ಲ ಅಂದರೆ! ನಾನು ಸ್ಟೇರಿಂಗಿಗೆ ಹಣೆ ಒತ್ತಿಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಅಷ್ಟು ಹಗುರವಾಗಿ ನಾನು ನಕ್ಕು ಬಹಳ ಕಾಲವಾಗಿತ್ತು.

ಸಂಗಮದ ಕಡೆಗೆ ಬಿಟ್ಟೆ. ಅಯ್ಯೋ, ಅದರ ಓಟವೇ! ಗೇರಿಲ್ಲ, ಕ್ಲಚ್ಚಿಲ್ಲ, ಕಾಲು ಊರಿದರೆ ಸಾಕು, ಜಾರಿಕೊಂಡು ಹೋಗುತ್ತದೆ. ಉಬ್ಬಿನ ಮೇಲೆ ಹತ್ತಿಳಿದರೂ ಹೊಟ್ಟೆಯ ನೀರು ಅಲ್ಲಾಡುವುದಿಲ್ಲ. ಕಬ್ಬಿನ ಗಾಡಿಯ ಎತ್ತುಗಳು ನಾವು ಪಕ್ಕಕ್ಕೆ ಬಂದದ್ದೂ ಗೊತ್ತಾಗದೆ ಮೆಲುಕು ಹಾಕುತ್ತಿದ್ದವು. ಇಷ್ಟು ವರ್ಷ ಕಾಯಿಸಿದ್ದಕ್ಕೆ ಕಂಪನಿಯವರು ಮೋಸ ಮಾಡಿಲ್ಲ. ಗುಂಬಜಿನ ಹತ್ತಿರ ಚಾಚಾ ನಿಲ್ಲಿಸಲು ಹೇಳಿದ್ದರಂತೆ, ಖುಷಿಯಲ್ಲಿ ನಾನು ದಾಟಿ ಮುಂದಕ್ಕೆ ಹೋಗಿಬಿಟ್ಟಿದ್ದೆ. ಅವರು ಹೆಗಲು ಮುಟ್ಟಿದ ಮೇಲೆ ನಿಲ್ಲಿಸಿದೆ.

ಅಲ್ಲಿ ಸಂತೋಷ್ ಇನ್ನೊಂದು ವಿಶೇಷ ಹೇಳಿದರು. ನಿಧಾನಕ್ಕೆ ಹೋಗುವಾಗ ಮುಂದಿರುವ ಜನಕ್ಕೆ ತಿಳಿಯಲೆಂದು ಈ ಗಾಡಿ ತಾನೇ ಸಣ್ಣದೊಂದು ಸದ್ದು ಹೊರಡಿಸುತ್ತದಂತೆ. ಕೇಳಿದ್ದೇ ತಡ, ಚಾಚಾ ಕೆಳಗಿಳಿದು ರಸ್ತೆಯ ಬದಿಗೆ ಹೋಗಿ, ಕಣ್ಣು ಮುಚ್ಚಿ ನಿಂತು, "ಬಾ ಬೇಟಿ, ಮೆತ್ತಗ್ ಬಾ" ಎಂದು ಕೈಸನ್ನೆ ಮಾಡಿದರು. ನಾನು ಆಮೆಯ ಹಾಗೆ ಅವರ ಪಕ್ಕಕ್ಕೆ ಬಂದೆ. ಅವರ ಮುಖ ಅರಳಿತು. ಕಿಟಕಿಗೆ ಬಾಯಿಟ್ಟು ಹೇಳಿದರು: "ಯೋಳ್ತದೆ ಬೇಟಿ, ಇದೂ ಯೋಳ್ತದೆ! ಜೇನುಳ ಅಂದಂಗೆ ಅಂತದೆ. ನಮ್ ಕಂಪ್ನಿಯೋರು ಮರ್ತಿಲ್ಲ." ಆಮೇಲೆ ನನ್ನನ್ನು ಕೇಳಿದರು, "ನಿಂಗೆ ಒಳ್ಗೆ ಕೇಳುಸ್ತಾ?" ನಾನು ಹೂಂ ಎಂದೆ.

ವಾಪಸು ಬಂದು, ಸಂತೋಷ್ ಗಾಡಿ ತೆಗೆದುಕೊಂಡು ಹೋದ ಮೇಲೆ, ಅಮ್ಮಿ ಕೊಟ್ಟ ಚಹಾ ಕುಡಿದೆವು. ಚಾಚಾ ಮತ್ತು ನಾನು ಅಂಗಳದಲ್ಲಿ ನನ್ನ ಹಳೆಯ ಗಾಡಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಮಾತಾಡಿದೆವು. ಕೊನೆಗೆ ಆದ ತೀರ್ಮಾನ ಇಷ್ಟು. ಹೊಸ ಗಾಡಿಗೆ ಹೆಸರು ಬರೆಸಿದ್ದಾಗಿದೆ, ಬರುವುದು ಸಂಕ್ರಾಂತಿ ಕಳೆದ ಮೇಲೆ. ಅಲ್ಲಿಯವರೆಗೆ ಹಳೆಯದು ನಿಮ್ಮ ಅಂಗಳದಲ್ಲೇ ಇರುತ್ತದೆ, ಪಾಪ, ದಣಿದಿದೆ. ನಾನು ಬಸ್ಸಿನಲ್ಲಿ ಪಾಂಡವಪುರಕ್ಕೆ ಬಂದೆ. ಟೀಚರುಗಳನ್ನು ನಾನೇ ಕರೆದುಕೊಂಡು ಹೋಗಿ ಕುಮಾರನ ವ್ಯಾನಿಗೆ ಹತ್ತಿಸಿದೆ. ಅಂಬಿಕಳಿಗೆ ಆಶ್ಚರ್ಯ. "ಈಗ ಬತ್ತದೆ ಅಂತ ಗೊತ್ತಾದ್ಮೇಲೂ ಯಾಕಕ್ಕ ನಿಲ್ಸೀಯೆ? ಇಷ್ಟ್ ದಿನ ಕಾದೋರು ಇನ್ನೊಂದೀಟ್ ದಿನ ಹಳೇದ್ರಲ್ಲೇ ಓಗ್ತಿದ್ವಲ್ಲ" ಎಂದಳು. ಬೇಡ ಎಂದೆ. ವ್ಯಾನು ಹೊರಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಏನೋ ಕೂಗಿದಳು. ಹೊಸ ಗಾಡಿಯ ಮುಂದಿನ ಸೀಟು ತನ್ನದೇ ಎಂದಿರಬೇಕು, ತನ್ನ ಎದೆ ತಟ್ಟಿಕೊಂಡಳು.

ಇನ್ನೇನು ಬರೆಯಲಿ? ಮೊಮ್ಮಗಳಿಗೆ ಒಂದು ಜೊತೆ ಗೆಜ್ಜೆ ತೆಗೆದಿಟ್ಟಿದ್ದೇನೆ, ನಿಮ್ಮ ಅಮ್ಮಿಯ ಕೈಯಲ್ಲಿ ಕಳಿಸುತ್ತೇನೆ. ಅದು ಗೋಡೆ ಬಿಟ್ಟು ನಡೆಯುವಂತಾಗಲಿ, ಬಿದ್ದರೂ ಅಳದೆ ಏಳುವಂತಾಗಲಿ. ನಿನ್ನ ಮಂಡಿನೋವು ಹೋಗಲಿ. ನಿಮ್ಮ ಯಜಮಾನರಿಗೆ ನನ್ನ ಸಲಾಂ ಹೇಳು. ಹೊಸ ಗಾಡಿ ಬಂದ ದಿನ ಅದರ ಗಾಲಿಗೆ ನಿಂಬೆಹಣ್ಣು ಇಡುವವಳು ನಾನಾದರೆ, ಗಾಲಿ ತೊಳೆಯುವವಳು ನೀನು. ಲಂಗವಿಲ್ಲದಿದ್ದರೆ ಸೀರೆಯನ್ನೇ ಎತ್ತಿಕಟ್ಟೋಣ.

ಎಂದೆಂದೂ ನಿನ್ನವಳೇ ಆದ,
ಯಶೋಧ

ಮತ್ತೊಂದು ಮಾತು: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ ಚಾಚಾರಿಗೆ ಕೊಟ್ಟ ಮಾತು ತಪ್ಪುತ್ತದೆ.

ಆ ಜೇನುಹುಳದ ಸದ್ದು ನನಗೆ ಕೇಳಿಸಲಿಲ್ಲ ಆತಿಯಾ. ಗುಂಬಜಿನ ಹತ್ತಿರ ಚಾಚಾ ಹಿಂದಿನಿಂದ ಮೂರು ಸಲ ಕೂಗಿದ್ದರಂತೆ, ಅದೂ ಕೇಳಿಸಲಿಲ್ಲ. ಚಹಾ ಕುಡಿದ ಮೇಲೆ ಅವರು ನನ್ನನ್ನು ಹಳೆಯ ಗಾಡಿಯ ಬಾನೆಟ್ಟಿನ ಮುಂದೆ ನಿಲ್ಲಿಸಿ, "ಕಣ್ ಮುಚ್ಕೊ ಬೇಟಿ, ಆಗ್ಲೆಲ್ಲ ಮುಚ್ಕೊತಿದ್ಯಲ್ಲ, ಅಂಗೆ" ಎಂದರು. ಮುಚ್ಚಿಕೊಂಡೆ. ಅವರು ಒಳಗೆ ಕೂರುವಷ್ಟು, ಕೀ ತಿರುಗಿಸುವಷ್ಟು, ಇಂಜಿನ್ನಿನ ಉಸಿರು ನೆಟ್ಟಗಾಗುವಷ್ಟು ಹೊತ್ತನ್ನು ಅಂದಾಜು ಮಾಡಿಕೊಂಡು, "ಸ್ಟಾರ್ಟ್ ಆಯ್ತು ಚಾಚಾ, ಚೆನ್ನಾಗೇ ಉಸಿರಾಡ್ತಾ ಅದೆ" ಎಂದೆ. ಕಣ್ಣು ತೆರೆದರೆ ಅವರು ಗಾಡಿಯೊಳಗೆ ಇರಲೇ ಇಲ್ಲ. ನನ್ನ ಎದುರಿಗೇ ನಿಂತಿದ್ದರು. ಕೀ ಅವರ ಅಂಗೈಯಲ್ಲಿತ್ತು.

ಅವರು ಬೈಯಲಿಲ್ಲ. ನನ್ನ ಎಡಗಡೆಗೆ ಬಂದು ಕಿವಿಯ ಹತ್ತಿರ ಬಾಯಿಟ್ಟು, "ಯಾವಾಗ್ಲಿಂದ?" ಎಂದರು. ಕಳೆದ ವರ್ಷದಿಂದ, ಯುಗಾದಿಯ ಮೇಲೆ ಪೂರ್ತಿ ಎಂದೆ. "ಐದ್ ಜನ ಎಣ್ಮಕ್ಳು ನಿನ್ ನಂಬಿ ಕೂತವ್ರೆ ಬೇಟಿ" ಎಂದರು, ಅಷ್ಟೇ. ನಾನೇ ಕೀ ಅವರ ಜೇಬಿಗೆ ಹಾಕಿದೆ. "ಆತಿಯಾಗೆ ಗೊತ್ತಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. "ಬರಿ. ನಾನ್ ಯೋಳಾಕಿಲ್ಲ" ಎಂದರು. ಬರೆಯುತ್ತೇನೆಂದು ಮಾತು ಕೊಟ್ಟೆ.

ಕರೆಂಟಿನ ಗಾಡಿಗಾಗಿ ನಾನು ಅಷ್ಟು ಹಂಬಲಿಸಿದ್ದು ಯಾಕೆಂದು ಈಗ ನಿನಗೆ ತಿಳಿದಿರಬೇಕು. ಸದ್ದಿಲ್ಲದ ಗಾಡಿಯಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ಅಲ್ಲಿ ನಾನೂ ಎಲ್ಲರ ಹಾಗೇ ಅಂದುಕೊಂಡಿದ್ದೆ. ಬಟನ್ ಒತ್ತಿದ್ದು ಚಾಚಾರಿಗೂ ತಿಳಿಯಲಿಲ್ಲವಲ್ಲ, ಆಗ ನಾನು ನಕ್ಕ ನಗು ಅದೇ.

ಆದಿಚುಂಚನಗಿರಿಯ ಆಸ್ಪತ್ರೆಯಲ್ಲಿ ತೋರಿಸಿದ್ದೇನೆ. ಬಲಗಿವಿ ಹೋಗಿದೆ. ಎಡಗಿವಿಗೆ ಮಿಷನ್ನು ಹಾಕಿದರೆ ಬಹಳಷ್ಟು ತಿರುಗಿ ಬರುತ್ತದಂತೆ, ಅದು ಒಗ್ಗಿದ ಮೇಲೆ ಪರೀಕ್ಷೆ ಮಾಡಿ, ಓಡಿಸಬಹುದೋ ಇಲ್ಲವೋ ಹೇಳುತ್ತಾರೆ. ಅಷ್ಟರೊಳಗೆ ಹೊಸ ಗಾಡಿ ಬಂದರೆ ಅದೇ ನನಗಾಗಿ ಕಾಯಲಿ. ಸಿದ್ದರಾಮು ಅವರು ಡಾಕ್ಟರ ಮುಂದೆ ಮಗುವಿನ ಹಾಗೆ ಅತ್ತರು. ಪಾಪ, ಅವರು ಗೊಣಗುತ್ತಲೇ ಇರಲಿಲ್ಲ. ಸರಿಯಾಗಿಯೇ ಮಾತಾಡುತ್ತಿದ್ದರು.

ಬಕ್ರೀದಿನ ದಿನ ಫೋನು ನನ್ನ ಕೈಯಲ್ಲೇ ಇತ್ತು. ಎತ್ತಿದರೆ ನೀನು ಒಂದು ಕೇಳುತ್ತೀಯ, ನಾನು ಇನ್ನೊಂದು ಹೇಳಿ ಸಿಕ್ಕಿಬೀಳುತ್ತೇನೆ ಎಂದು ಎತ್ತಲಿಲ್ಲ. ನಿನ್ನ ಹೆಸರು ಹೊತ್ತುಕೊಂಡು ಅದು ನಡುಗುತ್ತಿತ್ತು. ಅದು ನಿಲ್ಲುವವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಆಮೇಲೆ ನೀನು ಮಾಡಿದ ಒಂದೊಂದು ಫೋನಿಗೂ ಹಾಗೆಯೇ ಕೂತಿದ್ದೆ.